ಸ್ಟ್ಯಾಮ್‌ಫರ್ಡ್‌ನಲ್ಲಿ ಪದಬಂಧದ ಓಟ

ಶುಕ್ರವಾರ, ಮಾರ್ಚ್ 27, 2015

ಆ ವಾರ ನಮ್ಮ ಆಫೀಸಿನ ಭಾರತೀಯರೆಲ್ಲ ಸೂತಕದಲ್ಲಿದ್ದರು. ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಸಿಡ್ನಿಯಲ್ಲಿ, ಆಸ್ಟ್ರೇಲಿಯಾ ಎದುರು 95 ರನ್ನುಗಳ ಸೋಲು. ವಾರಾಂತ್ಯಕ್ಕೆ ಏನು ಪ್ಲಾನ್ ಅಂತ ಯಾರೋ ಕೇಳಿದಾಗ, ಪದಬಂಧದ ಟೂರ್ನಮೆಂಟಿಗೆ ಹೋಗ್ತಿದ್ದೀನಿ ಅಂದೆ. "ಅದಕ್ಕೂ ಟೂರ್ನಮೆಂಟ್ ಇದೆಯಾ? ಪ್ರೇಕ್ಷಕರು ಬರ್ತಾರಾ?" ಅಂತ ನಕ್ಕರು. ಪ್ರೇಕ್ಷಕರೂ ಬರುತ್ತಾರೆ, ಟಿಕೆಟ್ ಕೊಂಡು.

ನ್ಯೂಜೆರ್ಸಿಯ ಎಡಿಸನ್‌ನಿಂದ ಮಧ್ಯಾಹ್ನವೇ ಹೊರಟೆ. ಪೆನ್ ಸ್ಟೇಷನ್‌ನಲ್ಲಿ ಇಳಿದು, ಚಳಿಗಾಳಿಗೆ ಮುಖ ಕೊಟ್ಟುಕೊಂಡೇ ನಡೆದು ಗ್ರ್ಯಾಂಡ್ ಸೆಂಟ್ರಲ್ ಸೇರಿದೆ. ಗಡಿಯಾರದ ಕೆಳಗೆ ನನ್ನ ಪಕ್ಕದ ಬೀದಿಯವರು ಕಾಯುತ್ತಿದ್ದರು. ನಿವೃತ್ತ ಗಣಿತ ಶಿಕ್ಷಕಿ, ವಯಸ್ಸು ಎಪ್ಪತ್ತರ ಆಚೆ. ಲೈಬ್ರರಿಯಲ್ಲಿ ನಾನು ಸೋಮವಾರದ ನ್ಯೂಯಾರ್ಕ್ ಟೈಮ್ಸ್ ಪದಬಂಧಕ್ಕೆ ತಲೆ ಕೆರೆದುಕೊಳ್ಳುತ್ತಿದ್ದುದನ್ನು ನೋಡಿ ಗುರುತಾದವರು. ಸೋಮವಾರದ್ದು ವಾರದಲ್ಲೇ ಸುಲಭದ್ದು, ದಿನ ಕಳೆದಂತೆ ಕಠಿಣವಾಗುತ್ತ ಹೋಗಿ ಶನಿವಾರಕ್ಕೆ ಹಲ್ಲು ಮುರಿಯುವಂಥದ್ದಾಗುತ್ತದೆ, ಭಾನುವಾರದ್ದು ಗಾತ್ರದಲ್ಲಷ್ಟೇ ದೊಡ್ಡದು ಎಂಬ ಕ್ರಮವನ್ನೆಲ್ಲ ಹೇಳಿಕೊಟ್ಟವರು ಅವರೇ. ಈ ಪ್ರವಾಸಕ್ಕೆ ಎಳೆದುಕೊಂಡು ಹೋದವರೂ ಅವರೇ.

ನ್ಯೂ ಹೇವನ್ ಮಾರ್ಗದ ರೈಲಿನಲ್ಲಿ ಸ್ಟ್ಯಾಮ್‌ಫರ್ಡ್ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಸಂಜೆ ಕನೆಕ್ಟಿಕಟ್‌ಗೆ ಮರಳುವ ಕೋಟುಬೂಟಿನವರ ನಡುವೆ ನಮ್ಮ ಜಾತಿಯವರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ನಾಲ್ಕು ಮಡಿಕೆಯ ಪತ್ರಿಕೆ, ಮೆಕ್ಯಾನಿಕಲ್ ಪೆನ್ಸಿಲ್, ಯಾರ ಜತೆಗೂ ಮಾತಿಲ್ಲ. ಗ್ರೀನಿಚ್ ಬರುವಷ್ಟರಲ್ಲಿ ಅಂಥವರು ಅದೇ ಬೋಗಿಯಲ್ಲಿ ಮೂವರು ಕಂಡರು. ಇಳಿದ ಮೇಲೆ ಮೂವರೂ ನಮ್ಮ ಹಿಂದೆಯೇ ಗಾಜಿನ ಬ್ಯಾಂಕ್ ಕಟ್ಟಡಗಳನ್ನು ಹಾದು ಟ್ರೆಸರ್ ಬುಲೆವಾರ್ಡ್‌ನ ಮ್ಯಾರಿಯಟ್ ಹೋಟೆಲಿಗೆ ಬಂದರು.

ಅಮೆರಿಕನ್ ಕ್ರಾಸ್‌ವರ್ಡ್ ಪಝಲ್ ಟೂರ್ನಮೆಂಟ್ ಹುಟ್ಟಿದ್ದು ಇದೇ ಹೋಟೆಲಿನಲ್ಲಿ, 1978ರಲ್ಲಿ. ವಾರಾಂತ್ಯಕ್ಕೆ ಕೋಣೆಗಳು ಖಾಲಿ ಬಿದ್ದಿರುತ್ತಿದ್ದ ಹೋಟೆಲಿಗೆ ಗಿರಾಕಿಗಳು ಬೇಕಿದ್ದರು. ನಡೆಸಿಕೊಡಲು ಸಿಕ್ಕಿದ್ದು ವಿಲ್ ಶಾರ್ಟ್ಸ್ ಎಂಬ ಇಪ್ಪತ್ತೈದರ ಯುವಕ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ತಾನೇ ಪಠ್ಯಕ್ರಮ ರೂಪಿಸಿಕೊಂಡು ಒಗಟುಶಾಸ್ತ್ರದಲ್ಲಿ ಪದವಿ ಪಡೆದಿದ್ದ ಮನುಷ್ಯ. ಆ ಪದವಿ ಪಡೆದವರು ಜಗತ್ತಿನಲ್ಲಿ ಅವರೊಬ್ಬರೇ. ಮೊದಲ ವರ್ಷ ಬಂದವರು 149 ಜನ, ಗೆದ್ದವರು ನ್ಯಾನ್ಸಿ ಶುಸ್ಟರ್. ಶಾರ್ಟ್ಸ್ 1993ರಿಂದ ನ್ಯೂಯಾರ್ಕ್ ಟೈಮ್ಸ್‌ನ ಪದಬಂಧ ಸಂಪಾದಕರು. ಪದಬಂಧ ಬಿಟ್ಟರೆ ಅವರಿಗೆ ಇನ್ನೊಂದೇ ಹುಚ್ಚು, ಟೇಬಲ್ ಟೆನಿಸ್. ತಮ್ಮೂರಿನಲ್ಲಿ ಅದಕ್ಕೊಂದು ದೊಡ್ಡ ಕೇಂದ್ರವನ್ನೇ ಕಟ್ಟಿಸಿದ್ದಾರೆ. 2006ರಲ್ಲಿ ಈ ಸ್ಪರ್ಧೆಯ ಮೇಲೊಂದು ಸಾಕ್ಷ್ಯಚಿತ್ರ ಬಂದಿತು, ಜನ ನುಗ್ಗಿದರು, 2008ರಲ್ಲಿ ಟೂರ್ನಮೆಂಟ್ ಬ್ರೂಕ್ಲಿನ್‌ಗೆ ಹೋಯಿತು. ಹಳೆಯ ಮನೆಗೆ ಮರಳಿದ್ದು ನಾವು ಹೋದ ವರ್ಷವೇ. ಹಳಬರು ಲಾಬಿಯ ಕಂಬಗಳನ್ನೂ ಮುಟ್ಟಿ ಮುಟ್ಟಿ ಮಾತಾಡಿಸುತ್ತಿದ್ದರು.

ಹೆಸರು ಬರೆದ ಬಿಲ್ಲೆ ತಗುಲಿಸಿಕೊಂಡು ಒಳಗೆ ಹೋದರೆ ಆಟ, ಆಮೇಲೆ ವೈನು, ಚೀಸು. ವೈನಿನ ಸಾಲಿನಲ್ಲಿ ಮುಂದೆ ನಿಂತಿದ್ದಾತ ತಿರುಗಿ ನೋಡಿ ನನ್ನನ್ನು ಮೊದಲು ಕೇಳಿದ್ದು ಊರನ್ನಲ್ಲ, ಉದ್ಯೋಗವನ್ನಲ್ಲ: "ಶನಿವಾರದ್ದು ಎಷ್ಟು ನಿಮಿಷ?" ನಾನು "ಕೆಲವು ಶನಿವಾರ ಭಾನುವಾರದವರೆಗೂ" ಅಂದೆ. ಆತ ತಲೆ ಹಿಂದಕ್ಕೆ ಹಾಕಿ ನಕ್ಕು, "ಹಾಗಾದರೆ ನಿಮಗೇ ಹೆಚ್ಚು ಮಜಾ" ಅಂದ. ತಾನು ಆರು ನಿಮಿಷ ಅಂದ. ಆರು ನಿಮಿಷದಲ್ಲಿ ನನಗೆ ಶನಿವಾರದ ಸುಳಿವುಗಳನ್ನು ಓದಿಯೂ ಮುಗಿದಿರುವುದಿಲ್ಲ.

ಶನಿವಾರ, ಮಾರ್ಚ್ 28

ಅವತ್ತು ರಾಮನವಮಿ. ಪಾನಕ ಕೋಸಂಬರಿಯ ನೆನಪಿನಲ್ಲಿ ಹೋಟೆಲಿನ ಕಿತ್ತಳೆ ರಸ ಕುಡಿದು ಸಭಾಂಗಣಕ್ಕೆ ಹೋದೆವು.

ಬಾಗಿಲು ದಾಟಿದ ತಕ್ಷಣ ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊಟ್ಟೆನೋವು ಮರುಕಳಿಸಿತು. ಉದ್ದುದ್ದ ಮೇಜುಗಳು, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದಂತೆ ರಟ್ಟಿನ ಅಡ್ಡಗೋಡೆ, ಎದುರಿಗೆ ಸಮಯವನ್ನು ಹಿಂದಕ್ಕೆ ಎಣಿಸುವ ದೊಡ್ಡ ಗಡಿಯಾರ, ನಡುವೆ ಓಡಾಡುವ ಮೇಲ್ವಿಚಾರಕರು. ಐನೂರಕ್ಕೂ ಹೆಚ್ಚು ಸ್ಪರ್ಧಿಗಳು. ಕಾಲೇಜು ಹುಡುಗರಿಂದ ಹಿಡಿದು ಎಂಬತ್ತು ದಾಟಿದವರವರೆಗೆ. ವಯಸ್ಸಿಗೊಂದು ವಿಭಾಗ, ಪ್ರದೇಶಕ್ಕೊಂದು, ಸಾಮರ್ಥ್ಯಕ್ಕೊಂದು, ಮೊದಲ ಸಲ ಬಂದವರಿಗೂ ಒಂದು. ಹಾಗಾಗಿ ನನ್ನಂಥವರೂ ಯಾವುದೋ ಪಟ್ಟಿಯಲ್ಲಿ ಯಾರನ್ನೋ ಹಿಂದೆ ಹಾಕಬಹುದು ಎಂಬ ಆಸೆಗೆ ಜಾಗವಿದೆ.

ಶನಿವಾರ ಆರು ಪದಬಂಧ, ಊಟಕ್ಕೆ ಮುಂಚೆ ಮೂರು, ಆಮೇಲೆ ಮೂರು. ಮೊದಲನೆಯದಕ್ಕೆ 15 ನಿಮಿಷ. ಹಾಳೆ ಬೋರಲಾಗಿ ಮುಂದೆ ಬರುತ್ತದೆ. ಶಾರ್ಟ್ಸ್ ರಚನಕಾರರ ಹೆಸರು ಹೇಳುತ್ತಾರೆ, ಹೆಸರಿಗೆ ತಕ್ಕಂತೆ ಚಪ್ಪಾಳೆಯೋ ನರಳಾಟವೋ ಏಳುತ್ತದೆ. ಶುರು ಅಂದ ಕೂಡಲೇ ಐನೂರು ಹಾಳೆ ಒಟ್ಟಿಗೆ ಮಗುಚುವ ಸದ್ದು.

ನಾನಿನ್ನೂ ಎಡಮೂಲೆಯ ಮೇಲ್ಭಾಗದಲ್ಲೇ ಇದ್ದೆ. ಯಾರೋ ಕೈ ಎತ್ತಿದರು. ಗಡಿಯಾರ ನೋಡಿದರೆ ಹನ್ನೆರಡು ನಿಮಿಷ ಬಾಕಿ! ಮೇಲ್ವಿಚಾರಕ ಬಂದು ಹಾಳೆಯ ಮೇಲೆ ಉಳಿದ ನಿಮಿಷ ಬರೆದು ಒಯ್ದ, ಅವರು ಎದ್ದು ಹೊರಗೆ ಹೋದರು. ಆಮೇಲೆ ಕೈಗಳ ಸಾಲು. ಪ್ರತಿ ಸರಿಯುತ್ತರಕ್ಕೆ 10 ಅಂಕ. ಬೇಗ ಮುಗಿಸಿದರೆ ಉಳಿದ ಪ್ರತಿ ಪೂರ್ಣ ನಿಮಿಷಕ್ಕೆ 25, ಆದರೆ ತಪ್ಪಿದ ಅಥವಾ ಬಿಟ್ಟ ಪ್ರತಿ ಅಕ್ಷರಕ್ಕೆ ಆ ಬೋನಸ್‌ನಲ್ಲಿ 25 ಕಡಿತ. ಒಂದೂ ತಪ್ಪಿಲ್ಲದಿದ್ದರೆ ಇನ್ನೂ 150. ಈ ಲೆಕ್ಕದಲ್ಲಿ ಪೂರ್ಣ ನಿಮಿಷ ಎಂಬುದೇ ಕೀಲಿ. ಗಡಿಯಾರ 9 ನಿಮಿಷ 5 ಸೆಕೆಂಡು ತೋರಿಸುತ್ತಿದ್ದರೆ ತಕ್ಷಣ ಕೈ ಎತ್ತಬೇಕು. 8 ನಿಮಿಷ 55 ಆಗಿದ್ದರೆ ಅವಸರವಿಲ್ಲ, ಐವತ್ತು ಸೆಕೆಂಡು ಪುಕ್ಕಟೆ, ಕೂತು ಮನೆಮನೆ ತಪಾಸಣೆ ಮಾಡಬಹುದು. ನನ್ನ ಗಣಿತ ಶಿಕ್ಷಕಿ ಇದನ್ನು ಪ್ರಾಮಾಣಿಕವಾಗಿ ಪಾಲಿಸುತ್ತಾರೆ. ನನಗೆ ಅದರ ಅಗತ್ಯವೇ ಬರಲಿಲ್ಲ.

ಬೆಂಗಳೂರಿನಲ್ಲಿ ಇಂಗ್ಲಿಷ್ ಪದಬಂಧ ಅಂದರೆ ಬ್ರಿಟಿಷ್ ಮಾದರಿಯ ಗೂಢ ಸುಳಿವು. ವಾಕ್ಯದಲ್ಲೇ ಅಕ್ಷರಪಲ್ಲಟ ಅಡಗಿರುತ್ತದೆ, ಒಡೆದರೆ ಉತ್ತರ ಸಿಕ್ಕಿದ ಖಾತ್ರಿಯೂ ಸಿಗುತ್ತದೆ. ಅಲ್ಲಿಯ ಚೌಕದಲ್ಲಿ ಎಷ್ಟೋ ಅಕ್ಷರಗಳಿಗೆ ಒಂದೇ ದಾರಿ. ಅಮೆರಿಕದ್ದು ಬೇರೆ ಪಂಥ. ಪ್ರತಿ ಅಕ್ಷರಕ್ಕೂ ಅಡ್ಡ ಮತ್ತು ಉದ್ದ ಎರಡು ಸಾಕ್ಷಿ ಇರಲೇಬೇಕು, ಎರಡಕ್ಷರದ ಪದ ನಿಷಿದ್ಧ, ಚೌಕವನ್ನು ತಲೆಕೆಳಗು ಮಾಡಿದರೂ ಕಪ್ಪುಮನೆಗಳ ವಿನ್ಯಾಸ ಅದೇ ಇರಬೇಕು. ಇಷ್ಟು ಬಿಗಿಯಾಗಿ ಹೆಣೆಯಬೇಕಾದರೆ ಸ್ವರ ತುಂಬಿದ ಚಿಕ್ಕ ಪದಗಳು ಬೇಕು. ಅಲ್ಲಿ ನಮಗೆ ಅದೃಷ್ಟ. ಆಗ್ರಾ, ರಾಗ, ಸಾರಿ, ರಾಣಿ, ದಾಲ್, ನಾನ್. ಅಮೆರಿಕದ ಪದಬಂಧ ನೋಡಿದರೆ ಭಾರತದಲ್ಲಿ ರಾಣಿಯರು ಸೀರೆಯುಟ್ಟು, ರಾಗ ಕೇಳುತ್ತ, ಆಗ್ರಾದಲ್ಲಿ ದಾಲ್ ತಿನ್ನುತ್ತಿರುತ್ತಾರೆ ಅನ್ನಿಸಬೇಕು. ಅಷ್ಟು ಮನೆ ಮಾತ್ರ ನಾನು ಇಡೀ ಸಭೆಗಿಂತ ವೇಗವಾಗಿ ತುಂಬಬಲ್ಲೆ.

ಆಮೇಲೆ ಬರುತ್ತಾರೆ ಆರ್ ಮತ್ತು ಆಟ್. ಬಾಬಿ ಆರ್ ಐಸ್ ಹಾಕಿ ಆಟಗಾರ, ಮೆಲ್ ಆಟ್ ಬೇಸ್‌ಬಾಲ್ ಆಟಗಾರ. ಇಬ್ಬರೂ ಮೈದಾನ ಬಿಟ್ಟು ಎಷ್ಟೋ ದಶಕಗಳಾದರೂ ಮೂರಕ್ಷರದ ಹೆಸರಿನ ದೆಸೆಯಿಂದ ಪದಬಂಧದಲ್ಲಿ ಚಿರಂಜೀವಿಗಳು. ಒಬ್ಬ ಗೊತ್ತಿಲ್ಲದಿದ್ದರೆ ಅಡ್ಡಪದ ಕಾಪಾಡುತ್ತದೆ. ಗೊತ್ತಿಲ್ಲದ ಎರಡು ಹೆಸರುಗಳೇ ಪರಸ್ಪರ ಅಡ್ಡ ಬಂದರೆ? ಅಂಥ ಮನೆಗೆ ಇವರೆಲ್ಲ "ನೇಟಿಕ್" ಅನ್ನುತ್ತಾರೆ. ಬಾಸ್ಟನ್ ಮ್ಯಾರಥಾನ್ ಹಾದಿಯಲ್ಲಿರುವ ಆ ಊರಿನ ಹೆಸರು 2008ರ ಒಂದು ಪದಬಂಧದಲ್ಲಿ ಚಿತ್ರಕಾರ ವೈಯತ್‌ನ ಇನಿಷಿಯಲ್‌ಗೆ ಅಡ್ಡ ಬಂದು ದೇಶದ ತುಂಬ ಜನರನ್ನು ಕೆಡವಿತಂತೆ. ಬೇರೆಯವರಿಗೆ ಇಡೀ ಚೌಕದಲ್ಲಿ ಒಂದು ನೇಟಿಕ್ ಇದ್ದರೆ, ಹೊರಗಿನಿಂದ ಬಂದವರಿಗೆ ಮೂಲೆಗೊಂದು. ನಿಘಂಟು ಬಾಯಿಪಾಠ ಮಾಡಿದರೂ ಇದಕ್ಕೆ ಉಪಯೋಗವಿಲ್ಲ. 1970ರ ದಶಕದ ಟಿವಿ ಧಾರಾವಾಹಿ, ಅಂಗಡಿಯಲ್ಲಿ ಈಗ ಸಿಗದ ಸೋಪು, ಸೆನೆಟರುಗಳ ಅಡ್ಡಹೆಸರು, ಇವೆಲ್ಲ ಮನೆಯಲ್ಲಿ ಬೆಳೆದವರಿಗೆ ಮಾತ್ರ ಬರುವ ವಿದ್ಯೆ. ನಮ್ಮೂರ ಪದಬಂಧದಲ್ಲಿ "ಕಸ್ತೂರಿ ನಿವಾಸದ ನಾಯಕ" ಅಂತ ಕೇಳಿದರೆ ಇವರೆಲ್ಲ ಎಲ್ಲಿ ಹೋಗುತ್ತಾರೆ ಅಂತ ಮನಸ್ಸಿನಲ್ಲೇ ಸೇಡು ತೀರಿಸಿಕೊಂಡೆ.

ಊಟದ ಹೊತ್ತಿನಲ್ಲಿ ಕಾರಿಡಾರಿನ ಮಾತು ಒಂದೇ: ಐದನೆಯದು. ಏಳು ಪದಬಂಧಗಳಲ್ಲಿ ಐದನೆಯದು ಪ್ರತಿ ವರ್ಷವೂ ಬೇಕೆಂದೇ ಕ್ರೂರವಾಗಿರುತ್ತದೆ. ಅದರ ರಚನಕಾರರು ಯಾರು ಎಂಬುದರ ಮೇಲೆ ವಾದ, ಹಳೆಯ ವರ್ಷಗಳ ಐದನೆಯದರ ಯುದ್ಧಕಥೆಗಳು. ಮಧ್ಯಾಹ್ನ ಹಾಳೆ ಮಗುಚಿದಾಗ ಕೊಟ್ಟದ್ದು 30 ನಿಮಿಷ. ಬೆಳಿಗ್ಗೆ ಮೂರನೇ ನಿಮಿಷಕ್ಕೇ ಕೈ ಎತ್ತಿದ್ದ ಸಭೆ ಈಗ ಮಿಸುಕಲಿಲ್ಲ. ಐದು ನಿಮಿಷ ಕಳೆಯಿತು, ಒಂದು ಕೈಯೂ ಇಲ್ಲ. ಪೆನ್ಸಿಲಿನ ಸದ್ದು ಹೋಗಿ ರಬ್ಬರಿನ ಸದ್ದು ಹೆಚ್ಚಾಯಿತು. ನಡುವಿನ ಯಾವುದೋ ಕಿಡಿಗೇಡಿತನ ಅರ್ಥವಾಗದೆ ಒಂದು ಪದವೂ ಕೂಡುವಂತಿಲ್ಲ. ಅದೇನೆಂದು ಇಲ್ಲಿ ಬಿಚ್ಚಿ ಹೇಳುವುದಿಲ್ಲ, ಮುಂದೆ ಬಿಡಿಸುವವರ ಮಜಾ ಕೆಡಿಸಬಾರದು. ಸಮಯ ಮುಗಿದಾಗ ಸಭೆಯ ದೊಡ್ಡ ಪಾಲು ಇನ್ನೂ ಕುರ್ಚಿಯಲ್ಲೇ ಇತ್ತು, ನಾನೂ ಇದ್ದೆ. ನನ್ನ ಪಕ್ಕದವರ ಚೌಕ ಒಂದು ಮೂಲೆಯಲ್ಲಿ ಬೆಳ್ಳಗೆ ಹಾಗೇ ಉಳಿದಿತ್ತು, ಅವರು ಬಹಳ ಖುಷಿಯಾಗಿದ್ದರು. "ಹೋದ ವರ್ಷ ಎರಡು ಮೂಲೆ!"

ಇದೇ ಐದನೆಯಂಥ ಕಿಡಿಗೇಡಿತನ ಒಮ್ಮೆ ಕಂಪ್ಯೂಟರನ್ನೂ ಕೆಡವಿತ್ತು. ಮ್ಯಾಟ್ ಗಿನ್ಸ್‌ಬರ್ಗ್ ಎಂಬ ವಿಜ್ಞಾನಿ "ಡಾಕ್ಟರ್ ಫಿಲ್" ಎಂಬ ಪ್ರೋಗ್ರಾಮನ್ನು 2012ರಲ್ಲಿ ಸ್ಪರ್ಧೆಗೆ ತಂದರು. ಬಹುಮಾನಕ್ಕಲ್ಲ, ಸುಮ್ಮನೆ ಅಳೆದು ನೋಡಲು. ಕೆಲವು ಪದಗಳನ್ನು ಹಿಂದುಮುಂದಾಗಿ ಬರೆಯಬೇಕಾಗಿದ್ದ ಪದಬಂಧ ಬಂದಾಗ ಅದು ಕಕ್ಕಾಬಿಕ್ಕಿಯಾಗಿ 141ನೇ ಸ್ಥಾನಕ್ಕೆ ಇಳಿಯಿತು. ಜನರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾನು ಹೋದ ವರ್ಷವೂ ಅದರ ಸ್ಥಾನ ಎಷ್ಟು ಎಂದು ವಿಚಾರಿಸುವವರು ಕಾರಿಡಾರಿನಲ್ಲಿ ಇದ್ದರು, ಮೊದಲಿನವರ ಹತ್ತಿರ ಸುಳಿದಿಲ್ಲ ಎಂದಾಗ ಸಮಾಧಾನದ ನಿಟ್ಟುಸಿರು. ಆ ಸಮಾಧಾನ ಬಹಳ ಕಾಲ ಉಳಿಯಲಿಲ್ಲ. 2021ರಲ್ಲಿ ಸ್ಪರ್ಧೆ ಆನ್‌ಲೈನಿನಲ್ಲಿ ನಡೆದಾಗ, ಬರ್ಕ್ಲಿಯ ಸಂಶೋಧಕರ ಭಾಷಾಮಾದರಿಯನ್ನು ಜೋಡಿಸಿಕೊಂಡ ಡಾಕ್ಟರ್ ಫಿಲ್ ಎಲ್ಲ ಮನುಷ್ಯರಿಗಿಂತ ಹೆಚ್ಚು ಅಂಕ ಗಳಿಸಿತು. ನನಗೆ ಅದರಿಂದ ಏನೂ ಅನ್ನಿಸಲಿಲ್ಲ. ಮೋಟರ್‌ಬೈಕು ಬಂದ ಮೇಲೂ ಮ್ಯಾರಥಾನ್ ನಡೆಯುತ್ತಲೇ ಇದೆಯಲ್ಲ.

ರಾತ್ರಿ ಹನ್ನೊಂದೂವರೆಗೆ ಮೆಲ್ಬರ್ನ್‌ನಲ್ಲಿ ಫೈನಲ್ ಶುರು. ಕೋಣೆಯಲ್ಲಿ ಫೋನು ಹಿಡಿದು ಕೂತೆ. ಮೊದಲ ಓವರಿನಲ್ಲೇ ಸ್ಟಾರ್ಕ್ ಮೆಕಲಮ್‌ನನ್ನು ಸೊನ್ನೆಗೆ ಬೌಲ್ಡ್ ಮಾಡಿದ. ದೀಪ ಆರಿಸಿ ಮಲಗಿದೆ.

ಭಾನುವಾರ, ಮಾರ್ಚ್ 29

ಏಳನೆಯದು ದೊಡ್ಡ ಚೌಕ, 21 ಮನೆ ಅಗಲ 21 ಮನೆ ಎತ್ತರ, 45 ನಿಮಿಷ. ಅದನ್ನು ನಾನು ನಿಧಾನವಾಗಿ, ನೆಮ್ಮದಿಯಿಂದ ಬಿಡಿಸಿದೆ, ಅಷ್ಟೇ. ತೀರ್ಪುಗಾರರು ತಿದ್ದಿ ಕೂಡುವ ಹೊತ್ತಿನಲ್ಲಿ ಸ್ಪರ್ಧಿಗಳೇ ವೇದಿಕೆ ಹತ್ತಿ ಹಾಡಿದರು, ಕೈಚಳಕ ತೋರಿಸಿದರು.

ಫೈನಲ್‌ಗೆ ಮೂರು ವಿಭಾಗ, ಪ್ರತಿ ವಿಭಾಗದಿಂದ ಮೂವರು. ಚೌಕ ಎಲ್ಲರಿಗೂ ಒಂದೇ, ಉತ್ತರಗಳೂ ಒಂದೇ. ಸುಳಿವು ಮಾತ್ರ ಮೂರು ಬಗೆ, ಮೇಲಿನ ವಿಭಾಗಕ್ಕೆ ಅತಿ ಕಠಿಣ. ವೇದಿಕೆಯ ಮೇಲೆ ಆಳೆತ್ತರದ ಬಿಳಿ ಬೋರ್ಡುಗಳು, ಕೈಯಲ್ಲಿ ಮಾರ್ಕರ್, ಕಿವಿಗೆ ದೊಡ್ಡ ಹೆಡ್‌ಫೋನ್. ಪಕ್ಕದಲ್ಲೇ ಇಬ್ಬರು ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುತ್ತಾರೆ, ಅದೂ ಸಭೆಯ ಉದ್ಗಾರವೂ ಸ್ಪರ್ಧಿಗೆ ಕೇಳಬಾರದು. ಪೆನ್ಸಿಲಿನಿಂದ ಅಂಗೈ ಅಗಲದ ಹಾಳೆಯಲ್ಲಿ ಬರೆದವರು ಈಗ ತೋಳು ಎತ್ತಿ, ಮಂಡಿ ಬಗ್ಗಿಸಿ ಬರೆಯಬೇಕು. ಕೂತು ಮಾಡುವ ಕೆಲಸವನ್ನು ನಿಂತು ಮಾಡಿಸುವುದು ಅನ್ಯಾಯ ಅನ್ನುವವರಿದ್ದಾರೆ. ನನಗೆ ಅದೇ ಸರಿ ಅನ್ನಿಸಿತು, ಇಲ್ಲದಿದ್ದರೆ ನೋಡುವುದಕ್ಕೇನಿದೆ?

ಈ ವೇದಿಕೆಗೆ ಅದರದೇ ಪುರಾಣಗಳಿವೆ. ಎಲೆನ್ ರಿಪ್‌ಸ್ಟೀನ್ ವರ್ಷಗಟ್ಟಲೆ ಮುಂಚೂಣಿಯಲ್ಲೇ ಇದ್ದೂ ಗೆಲ್ಲದೆ, ಕೊನೆಗೆ 2001ರಲ್ಲಿ ಗೆದ್ದರು. 2005ರಲ್ಲಿ ಆಲ್ ಸ್ಯಾಂಡರ್ಸ್ ಎಲ್ಲರಿಗಿಂತ ಮೊದಲು "ಮುಗಿಯಿತು" ಅಂದರು. ತಿರುಗಿ ನೋಡಿದರೆ ಎರಡು ಮನೆ ಖಾಲಿ. ಹೇಳಿದ ಮಾತು ಹಿಂತೆಗೆದುಕೊಳ್ಳುವಂತಿಲ್ಲ. ಹೆಡ್‌ಫೋನನ್ನು ನೆಲಕ್ಕೆ ಅಪ್ಪಳಿಸಿದರು. ಗೆದ್ದದ್ದು ಇಪ್ಪತ್ತು ವರ್ಷದ ಟೈಲರ್ ಹಿನ್‌ಮನ್, ಅಲ್ಲಿಂದ ಸತತ ಐದು ವರ್ಷ ಅವರದೇ ರಾಜ್ಯ. ಅದನ್ನು 2010ರಲ್ಲಿ ಮುರಿದು, ಆಮೇಲೆ ಯಾರಿಗೂ ಬಿಟ್ಟುಕೊಡದವರು ಡ್ಯಾನ್ ಫೇಯರ್. ಈಗ ಇಬ್ಬರೂ ಒಂದೇ ವೇದಿಕೆಯ ಮೇಲೆ.

ಫೇಯರ್ ಪಿಯಾನೋ ವಾದಕ, ಸಂಗೀತ ನಾಟಕಗಳಿಗೆ ಸಂಗೀತ ನಿರ್ದೇಶನ ಮಾಡುವವರು. ಪದಬಂಧದ ಗೀಳು ಹತ್ತಿದ್ದು ಆ 2006ರ ಸಾಕ್ಷ್ಯಚಿತ್ರ ನೋಡಿದ ಮೇಲೆ. ನಾಲ್ಕೇ ವರ್ಷದಲ್ಲಿ ಚಾಂಪಿಯನ್. ಈ ಸ್ಪರ್ಧೆಯಲ್ಲಿ ಏಳು ಸಲ ಗೆದ್ದಿರುವ ಜಾನ್ ಡೆಲ್ಫಿನ್ ಕೂಡ ಪಿಯಾನೋದವರೇ. ಮೇಲಿನ ಸಾಲಿನಲ್ಲಿ ಸಾಹಿತಿಗಳಿಗಿಂತ ಸಂಗೀತಗಾರರು, ಗಣಿತದವರು, ಕಂಪ್ಯೂಟರಿನವರು ಹೆಚ್ಚು. ಮೂರು ದಿನ ನೋಡಿದ ಮೇಲೆ ಇದು ನನಗೆ ಆಶ್ಚರ್ಯವಾಗಲಿಲ್ಲ. ಫೇಯರ್ ದಿನಕ್ಕೆ ಹತ್ತಾರು ಪದಬಂಧ ಬಿಡಿಸುತ್ತಾರೆ, ಅದು ಓದಲ್ಲ, ಸಾಧಕ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಹಾಡಿ ಗಂಟಲಿಗೆ ಕೂರಿಸಿಕೊಂಡ ಹಾಗೆ, ಇವರ ಕೈಗೆ ಚೌಕ ಕೂತಿರುತ್ತದೆ. ಸುಳಿವಿನ ಅರ್ಧ ಓದುವಷ್ಟರಲ್ಲಿ ಕೈ ಬರೆಯುತ್ತಿರುತ್ತದೆ, ಕಣ್ಣು ಮುಂದಿನ ಸುಳಿವಿನ ಮೇಲಿರುತ್ತದೆ. ಬರವಣಿಗೆಯಲ್ಲೂ ಉಳಿತಾಯ: ಇಂಗ್ಲಿಷಿನ ದೊಡ್ಡ ಇ ಬರೆಯಲು ನಾಲ್ಕು ಗೆರೆ ಬೇಕು, ಚಿಕ್ಕ ಇ ಒಂದೇ ಸುತ್ತು. ಹಾಗಾಗಿ ವೇಗದವರೆಲ್ಲ ಮಿಕ್ಕ ಅಕ್ಷರಗಳನ್ನು ದೊಡ್ಡದಾಗಿ ಬರೆದರೂ ಇ ಒಂದನ್ನು ಚಿಕ್ಕದಾಗಿಯೇ ಬರೆಯುತ್ತಾರೆ. ಪದಬಂಧ ಅಂದರೆ ಜ್ಞಾನದ ಪರೀಕ್ಷೆ ಅಂದುಕೊಂಡೇ ನಾನು ಬಂದಿದ್ದೆ. ಇಲ್ಲಿ ಜ್ಞಾನ ಎಲ್ಲರಿಗೂ ಇದೆ. ಜ್ಞಾನ ಯೋಚನೆಯನ್ನು ದಾಟಿ ಬೆರಳಿಗೆ ಇಳಿದವರು ಮಾತ್ರ ವೇದಿಕೆಯ ಮೇಲಿರುತ್ತಾರೆ.

ಎ ವಿಭಾಗ ಶುರುವಾಯಿತು. ಮೊದಲು ಎಲ್ಲರೂ ಅಲ್ಲೊಂದು ಇಲ್ಲೊಂದು ಪದ ಹಾಕಿ ಅಳಿಸಿದರು. ಎಲ್ಲೋ ಒಂದು ಮೂಲೆ ಬಿಟ್ಟುಕೊಂಡ ಮೇಲೆ ಮಾರ್ಕರುಗಳು ಓಡತೊಡಗಿದವು. ನಾನು ಫೇಯರ್ ಬೋರ್ಡು ನೋಡುತ್ತಿದ್ದೆ, ನನ್ನ ಶಿಕ್ಷಕಿ ಹಿನ್‌ಮನ್ ಬೋರ್ಡು. ಕೊನೆಯ ಮನೆಗಳು ಎರಡರಲ್ಲೂ ಜತೆಜತೆಗೇ ತುಂಬಿದವು. ಇಬ್ಬರೂ ಮುಗಿಯಿತು ಅಂದದ್ದು ಒಂದೇ ಉಸಿರಿನಲ್ಲಿ ಅನ್ನಿಸಿತು. ಸಭೆಗೆ ಯಾರು ಮೊದಲು ಎಂದು ತಿಳಿಯದೆ ಕೂಗಾಟ. ಎರಡು ಬೋರ್ಡೂ ಪೂರ್ತಿ ಸರಿ. ಗಡಿಯಾರಗಳನ್ನು ನೋಡಿ ಹೇಳಿದರು: ಫೇಯರ್, ಅರ್ಧ ಸೆಕೆಂಡಿನ ಅಂತರದಲ್ಲಿ. ಸತತ ಆರನೇ ಪ್ರಶಸ್ತಿ, 5000 ಡಾಲರ್. ಮುಂದಿನ ವರ್ಷ ಇದೇ ಊರಿನಲ್ಲಿ ಹೊವರ್ಡ್ ಬಾರ್ಕಿನ್ ಆ ಸರಣಿಯನ್ನು ತುಂಡರಿಸಿದರು. ಅದನ್ನು ನೋಡಲು ನಾನಿರಲಿಲ್ಲವಲ್ಲ ಎಂಬ ಹೊಟ್ಟೆಯುರಿ ಈಗಲೂ ಇದೆ.

ಬಹುಮಾನದ ಊಟ ಮುಗಿಸಿ ರೈಲು ಹತ್ತಿದಾಗ ಸಂಜೆಯಾಗುತ್ತಿತ್ತು. ನನ್ನ ಹೆಸರು ಪಟ್ಟಿಯಲ್ಲಿ ಸಾಕಷ್ಟು ಕೆಳಗಿತ್ತು, ಶಿಕ್ಷಕಿಯದು ಎಪ್ಪತ್ತರ ವಿಭಾಗದಲ್ಲಿ ಮರ್ಯಾದೆಯ ಜಾಗದಲ್ಲಿ. ಅವರು ಟಿಕೆಟಿನ ಹಿಂಬದಿ ಮುಂದೆ ಹಿಡಿದು, ನಿಮ್ಮ ಭಾಷೆಯ ಪದಬಂಧ ಹೇಗಿರುತ್ತೆ ಬರೆದು ತೋರಿಸಿ ಅಂದರು. ನಮ್ಮಲ್ಲಿ ಪ್ರಹ್ಲಾದರಾವ್ ಎಂಬೊಬ್ಬರೇ ಮೂವತ್ತು ಸಾವಿರಕ್ಕೂ ಹೆಚ್ಚು ಕನ್ನಡ ಪದಬಂಧ ರಚಿಸಿದ್ದಾರೆ ಅಂದಾಗ ಒಂದು ಕ್ಷಣ ಪೆನ್ಸಿಲ್ ಇಳಿಸಿದರು. ಒಂದು ಮನೆಗೆ ಒಂದು ಅಕ್ಷರ, ಆದರೆ ಕಾಗುಣಿತ, ಒತ್ತು ಎಲ್ಲ ಸೇರಿ ಒಂದು ಎಂದು ವಿವರಿಸಿದೆ. ಸಾಲದೆಂದು ಒಂದೇ ಮನೆಯೊಳಗೆ "ಸ್ತ್ರೀ" ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಗೆರೆ ಎಣಿಸಿದರು.

"ಇದಕ್ಕೆ ಚಿಕ್ಕ ಇ ಥರ ಅಡ್ಡದಾರಿ ಇಲ್ವಾ?"

ಇಲ್ಲ ಅಂದೆ. "ಹಾಗಾದರೆ ಮೊದಲನೆಯದಕ್ಕೆ 15 ನಿಮಿಷ ಸಾಲಲ್ಲ, 20 ಕೊಡಬೇಕು" ಅಂತ ಟಿಕೆಟಿನ ಮೇಲೆ ಗುರುತು ಹಾಕಿಕೊಂಡರು, ನಾಳೆಯೇ ಸ್ಪರ್ಧೆ ಇರುವ ಹಾಗೆ. ಆಮೇಲೆ ಅಂಕದ ಲೆಕ್ಕ. ಮೂಲಾಕ್ಷರ ಸರಿಯಿದ್ದು ಒತ್ತು ಮಾತ್ರ ತಪ್ಪಿದರೆ ಎಷ್ಟು ಕಳೆಯಬೇಕು? ಅರ್ಧ ಅಂದೆ ನಾನು, ಹನ್ನೆರಡೂವರೆ. ಸಾಧ್ಯವೇ ಇಲ್ಲ, ತಪ್ಪು ಮನೆ ಅಂದರೆ ತಪ್ಪು ಮನೆ, ಪೂರ್ತಿ 25 ಅಂದರು. ದೀರ್ಘ ಹಾಕದಿದ್ದರೆ? ಅದಕ್ಕೂ 25. ಅನುಸ್ವಾರದ ಸೊನ್ನೆ ಸರಿಯಾಗಿ ಕಾಣದಿದ್ದರೆ? ತೀರ್ಪುಗಾರರ ವಿವೇಚನೆ. ಹಾರ್ಲೆಮ್ ಬಂದರೂ ಇಬ್ಬರೂ ಪಟ್ಟು ಬಿಡಲಿಲ್ಲ, ಗ್ರ್ಯಾಂಡ್ ಸೆಂಟ್ರಲ್‌ನ ಮೆಟ್ಟಿಲು ಹತ್ತುವಾಗ ಅವರು ಅಲ್ಪಪ್ರಾಣ ಮಹಾಪ್ರಾಣಕ್ಕೆ ಬಂದಿದ್ದರು.